ಬೈಬಲನ್ನು ಕಾವ್ಯವಾಗಿ ಓದಿಸಬಯಸಿದ ಶಾಲಾ ತನಿಖಾಧಿಕಾರಿ: ಮ್ಯಾಥ್ಯೂ ಅರ್ನಾಲ್ಡ್

ಕಾಲೇಜಿನಲ್ಲಿ ಆಂಗ್ಲ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಅಭ್ಯಸಿಸಿದವರಿಗೆ ಮ್ಯಾಥ್ಯೂ ಅರ್ನಾಲ್ಡನ ಹೆಸರು ಅಪರಿಚಿತವಲ್ಲ. 'ಡೋವರ್ ಬೀಚ್' ಕವಿತೆಯನ್ನೂ 'ಸೊಹ್ರಾಬ್ ಅಂಡ್ ರುಸ್ತುಮ್' ಕಥನಕಾವ್ಯವನ್ನೂ ಓದಿ ಪರೀಕ್ಷೆ ಬರೆದವರಲ್ಲಿ ಈ ಲೇಖಕನೂ ಒಬ್ಬ. (ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಂಶುಪಾಲನಾಗಿದ್ದು, ಮುಂದೆ ಬುದ್ಧನ ಕುರಿತು 'ಲೈಟ್ ಆಫ್ ಏಷಿಯಾ' ರಚಿಸಿದ ಎಡ್ವಿನ್ ಅರ್ನಾಲ್ಡ್ ಬೇರೆ ವ್ಯಕ್ತಿ.) ಈ ಕವಿ 35 ವರ್ಷ ಶಾಲಾ ತನಿಖಾಧಿಕಾರಿಯಾಗಿ ದುಡಿದ ಸಂಗತಿಯನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದವು.

ಅರ್ನಾಲ್ಡ್ ಜನಿಸಿದ್ದು 1822ರ ಡಿಸೆಂಬರ್ 24ರಂದು, ಥೇಮ್ಸ್ ನದಿಯ ದಡದ ಲೇಲ್‌ಹ್ಯಾಮ್ ಗ್ರಾಮದಲ್ಲಿ. ತಂದೆ ಥಾಮಸ್ ಅರ್ನಾಲ್ಡ್ ರಗ್ಬಿ ಶಾಲೆಯ ಪ್ರಖ್ಯಾತ ಮುಖ್ಯೋಪಾಧ್ಯಾಯ. ಆಕ್ಸ್‌ಫರ್ಡಿನಲ್ಲಿ ಓದಿದ ಮಗ ಮೊದಮೊದಲು ಉಡುಪಿನ ಶೋಕಿಗೂ ಹಾಸ್ಯಪ್ರವೃತ್ತಿಗೂ ಹೆಸರಾಗಿದ್ದ. 1851ರಲ್ಲಿ ನ್ಯಾಯಾಧೀಶರೊಬ್ಬರ ಪುತ್ರಿ ಫ್ರಾನ್ಸೆಸ್ ಲೂಸಿ ವೈಟ್‌ಮನ್‌ಳನ್ನು ವರಿಸಬೇಕಾದಾಗ ಸ್ಥಿರವಾದ ಸಂಬಳ ಅಗತ್ಯವಾಯಿತು. ಆ ಕಾರಣದಿಂದಲೇ ಆತ ತನಿಖಾಧಿಕಾರಿಯ ಹುದ್ದೆಯನ್ನು ಸ್ವೀಕರಿಸಿದ. ರೈಲುಗಳಲ್ಲಿ, ವಸತಿಗೃಹಗಳಲ್ಲಿ ಅಲೆದಾಡುತ್ತ ಸಂಸಾರ ಸಾಗಿತು. ಲಂಡನ್ನಿನಲ್ಲಿ ಸ್ವಂತದ್ದೆನ್ನಬಹುದಾದ ನೆಲೆ ದೊರೆತದ್ದು 1858ರಲ್ಲಿ. ವರ್ಗಾವಣೆಯ ಆದೇಶ ಕೈಗೆ ಬಂದಾಗಲೆಲ್ಲ ಗಂಟುಮೂಟೆ ಕಟ್ಟಿದ ನಮ್ಮಂಥ ಬ್ಯಾಂಕ್ ನೌಕರರಿಗೆ ಇದನ್ನು ವಿವರಿಸಬೇಕಾಗಿಲ್ಲ.

1862ರಲ್ಲಿ ಸರಕಾರ ಹೊಸ ನಿಯಮಾವಳಿಯೊಂದನ್ನು ಜಾರಿಗೆ ತಂದಿತು. ಓದು, ಬರೆಹ, ಲೆಕ್ಕ ಇವುಗಳಲ್ಲಿ ಒಂದೊಂದು ಮಗುವೂ ಉತ್ತೀರ್ಣವಾದಂತೆ ಶಾಲೆಗೆ ಅನುದಾನ. ಪರಿಣಾಮವಾಗಿ ಮಕ್ಕಳು ವಾಚನಪುಸ್ತಕವನ್ನೇ ಬಾಯಿಪಾಠ ಮಾಡಿ ಓದಿದಂತೆ ಒಪ್ಪಿಸತೊಡಗಿದರು. ಅರ್ಥವಾಯಿತೇ ಎಂದು ಕೇಳುವವರಿಲ್ಲ. ಗುರಿ ತಲುಪಿದ ಅಂಕಿ ಮಾತ್ರ ಎಣಿಕೆಗೆ ಬರುವ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದೂ ಹೊಸದಲ್ಲ. ತಾನೇ ಜಾರಿಗೊಳಿಸಬೇಕಾದ ನಿಯಮವನ್ನು ಅರ್ನಾಲ್ಡ್ ಬಹಿರಂಗವಾಗಿ ಖಂಡಿಸಿ ಬರೆದ. ನೌಕರಿಗೆ ಕುತ್ತು ಬರಬಹುದೆಂಬ ಅರಿವು ಆತನಿಗಿತ್ತು.

ಆತನನ್ನು ಕಾಡಿದ್ದು ಬಡವರ ಮಕ್ಕಳಿಗೆ ಒದಗಿದ್ದ ಪಠ್ಯದ ನಿಸ್ಸಾರತೆ. ಸಿರಿವಂತರ ಮಕ್ಕಳಿಗೆ ಹೋಮರನೂ ವರ್ಜಿಲನೂ ಇದ್ದರು. ಕಾರ್ಮಿಕರ ಮಕ್ಕಳ ಪಾಲಿಗೆ ಚಿಲ್ಲರೆ ಪದ್ಯಗಳು, ಒಣ ಮಾಹಿತಿ. ಅವರ ಮನೆಗಳಲ್ಲಿ ಆಗಲೇ ಇದ್ದ ಮಹಾಕೃತಿ ಒಂದೇ, ಬೈಬಲ್. ಆದರೆ ಅದನ್ನು ಕಲಿಸುವುದು ಹೇಗೆ? 1870ರ ಶಿಕ್ಷಣ ಕಾಯಿದೆಯನ್ನು ರೂಪಿಸಿದ ಡಬ್ಲ್ಯೂ. ಇ. ಫಾರ್‌ಸ್ಟರ್ ಅರ್ನಾಲ್ಡನ ಅಕ್ಕ ಜೇನ್‌ಳ ಪತಿ. ತೆರಿಗೆ ಹಣದಿಂದ ನಡೆಯುವ ಶಾಲೆಗಳಲ್ಲಿ ಯಾವುದೇ ಒಂದು ಪಂಗಡದ ಧರ್ಮಸೂತ್ರಗಳನ್ನು ಬೋಧಿಸಬಾರದೆಂದು ಆ ಕಾಯಿದೆ ವಿಧಿಸಿತು. ಪಂಗಡಗಳ ನಡುವೆ ಜಗಳ ಜೋರಾಗಿಯೇ ಇತ್ತು. ಅಜ್ಞೇಯವಾದಿಯಾದ ವಿಜ್ಞಾನಿ ಹಕ್ಸ್ಲಿಯಂಥವರೂ ಶಾಲೆಯಲ್ಲಿ ಬೈಬಲ್ ವಾಚನವಿರಲೆಂದು ವಾದಿಸಿದ್ದು ಆಗಿನ ಸೋಜಿಗಗಳಲ್ಲೊಂದು.

ಅರ್ನಾಲ್ಡ್ ವಾದಕ್ಕಿಳಿಯುವ ಬದಲು ಒಂದು ಪಠ್ಯಪುಸ್ತಕವನ್ನೇ ಸಿದ್ಧಪಡಿಸಿದ. ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದ 40ರಿಂದ 66ರವರೆಗಿನ 27 ಅಧ್ಯಾಯಗಳನ್ನು ಆರಿಸಿ, ಎಳೆಯರಿಗಾಗಿ ಟಿಪ್ಪಣಿಸಹಿತ 1872ರಲ್ಲಿ ಪ್ರಕಟಿಸಿದ. ಬಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದ್ಯರು, ಅವರನ್ನು ಬಿಡಿಸಿದ ಪಾರಸೀಕ ದೊರೆ ಸೈರಸ್, ತಾಯ್ನಾಡಿಗೆ ಮರಳುವ ಹಂಬಲ, ಇವೆಲ್ಲ ಮಕ್ಕಳಿಗೆ ಇತಿಹಾಸವಾಗಿಯೂ ಕಾವ್ಯವಾಗಿಯೂ ತಿಳಿಯಬೇಕು; ಸಿದ್ಧಾಂತದ ವ್ಯಾಖ್ಯಾನ ಟಿಪ್ಪಣಿಯಲ್ಲಿ ನುಸುಳಬಾರದು. ಹಳೆಯ ಆಂಗ್ಲ ಅನುವಾದದ ಲಯ ಕೆಡದಂತೆ, ಅರ್ಥ ಮಸುಕಾದೆಡೆ ಮಾತ್ರ ಆತ ಪದ ತಿದ್ದಿದ. ಬಿಡಿ ತುಣುಕುಗಳಲ್ಲದೆ ಒಂದು ಸಮಗ್ರ ಕೃತಿಯನ್ನು ಓದಿದ ಅನುಭವ ಮಗುವಿಗೆ ಒಮ್ಮೆಯಾದರೂ ದಕ್ಕಬೇಕೆಂಬುದು ಆತನ ಹಟ. ಕುಮಾರವ್ಯಾಸನನ್ನೂ ಬಸವಣ್ಣನನ್ನೂ ಕನ್ನಡ ತರಗತಿಯಲ್ಲಿ ಓದಿ ಬೆಳೆದ ನಮಗೆ ಇದರಲ್ಲಿ ವಿಶೇಷವೇನೂ ಕಾಣದು. ನಮ್ಮ ನಂಬಿಕೆ ಯಾವುದೆಂದು ಮೇಷ್ಟ್ರು ಎಂದೂ ಕೇಳಲಿಲ್ಲ.

ಈ ಪ್ರಶ್ನೆ ಆ ಕುಟುಂಬಕ್ಕೆ ಭಾರತದಿಂದಲೂ ಎದುರಾಗಿತ್ತು. ತಮ್ಮ ವಿಲಿಯಂ ಡೆಲಾಫೀಲ್ಡ್ ಅರ್ನಾಲ್ಡ್ ಪಂಜಾಬಿನ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕನಾಗಿದ್ದ. 1857ರ ದಂಗೆಯ ಬಳಿಕ ಸರಕಾರಿ ಶಾಲೆಗಳಲ್ಲಿ ಬೈಬಲ್ ಬೋಧಿಸಬೇಕೆಂಬ ಒತ್ತಡ ಬಂದಾಗ, ತಾನು ಶ್ರದ್ಧಾವಂತ ಕ್ರೈಸ್ತನಾಗಿದ್ದೂ ಆತ ವಿರೋಧಿಸಿದ. ಕ್ರೈಸ್ತರಲ್ಲದ ಪ್ರಜೆಗಳ ತೆರಿಗೆಯನ್ನು ಅದಕ್ಕೆ ಬಳಸುವುದು ಅನ್ಯಾಯವೆಂಬುದು ಆತನ ನಿಲುವು. ಸ್ವದೇಶಕ್ಕೆ ಮರಳುವ ದಾರಿಯಲ್ಲಿ 1859ರಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡ. ಅನಾಥರಾದ ನಾಲ್ವರು ಮಕ್ಕಳನ್ನು ಸಾಕಿದವರು ಫಾರ್‌ಸ್ಟರ್ ದಂಪತಿ. ಅಣ್ಣತಮ್ಮಂದಿರ ನಿಲುವುಗಳಲ್ಲಿ ವಿರೋಧವಿದೆಯೆಂದು ನನಗನ್ನಿಸುವುದಿಲ್ಲ. ಇಬ್ಬರೂ ಎದುರಿಗೆ ಕುಳಿತ ಮಗು ಯಾರ ಮನೆಯದೆಂದು ಮೊದಲು ನೋಡಿದವರು.

ಆ ಪುಟ್ಟ ಪುಸ್ತಕದ ಹಿಂದೆ ಮನೆಯ ದುಃಖವೂ ಇತ್ತು. 1868ರ ಜನವರಿಯಲ್ಲಿ ಕೂಸು ಬೇಸಿಲ್, ಅದೇ ವರ್ಷದ ನವೆಂಬರಿನಲ್ಲಿ 16 ವರ್ಷದ ಥಾಮಸ್, 1872ರ ಫೆಬ್ರವರಿಯಲ್ಲಿ 18 ವರ್ಷದ ಟ್ರೆವೆನೆನ್, ಹೀಗೆ ನಾಲ್ಕೇ ವರ್ಷಗಳಲ್ಲಿ ಮೂವರು ಗಂಡುಮಕ್ಕಳು ತೀರಿಕೊಂಡರು. ಆತ ಆರಿಸಿಕೊಂಡ ಅಧ್ಯಾಯಗಳು ಆರಂಭವಾಗುವುದೇ ಸಾಂತ್ವನದ ನುಡಿಯಿಂದ. ಇದು ಕೇವಲ ಕಾಕತಾಳೀಯವಿರಬಹುದು.

ಅದೇ ಬಗೆಯ ಚಿಂತನೆ 1873ರ 'ಲಿಟರೇಚರ್ ಅಂಡ್ ಡಾಗ್ಮ' ಗ್ರಂಥದಲ್ಲಿ ವಯಸ್ಕರಿಗಾಗಿ ವಿಸ್ತಾರಗೊಂಡು ಭಾರಿ ವಿವಾದವನ್ನೆಬ್ಬಿಸಿತು. 1883ರಲ್ಲಿ ಯೆಶಾಯನ ಮೊದಲ ಭಾಗದ ಆವೃತ್ತಿಯನ್ನೂ ಹೊರತಂದ ಅರ್ನಾಲ್ಡ್ 1886ರಲ್ಲಿ ನಿವೃತ್ತನಾದ.

ನಿವೃತ್ತಿಯ ಸುಖ ಎರಡು ವರ್ಷವಷ್ಟೇ. ಅಮೆರಿಕದಿಂದ ಬರಲಿದ್ದ ಮಗಳನ್ನು ಎದುರ್ಗೊಳ್ಳಲು ಲಿವರ್‌ಪೂಲಿಗೆ ಹೋಗಿದ್ದಾಗ, 1888ರ ಏಪ್ರಿಲ್ 15ರಂದು ಟ್ರಾಮ್ ಹಿಡಿಯಲು ಓಡಿ ಹೃದಯಾಘಾತದಿಂದ ಕುಸಿದ. ಆಗ 65 ವರ್ಷ. ಲೇಲ್‌ಹ್ಯಾಮಿನ ಇಗರ್ಜಿಯ ಅಂಗಳದಲ್ಲಿ, ಮೂವರು ಮಕ್ಕಳ ಸಮಾಧಿಗಳಿರುವಲ್ಲೇ ಆತನನ್ನೂ ಮಣ್ಣುಮಾಡಲಾಯಿತು.