ಓಡುವ ಯಂತ್ರವನ್ನು ನಿಲ್ಲಿಸಿ ನೋಡಿದ ಬೆಟ್ಟಿ

ಲಿನಕ್ಸ್ ಕರ್ನೆಲ್‌ನಲ್ಲಿ ಕೆಪ್ರೋಬ್ಸ್ ಅಂತ ಒಂದು ಸೌಲಭ್ಯ ಇದೆ. ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವೂ ಅದರ ಕೈಯಲ್ಲಿ. ಅದು ಒಳಗೆ ಏನು ಮಾಡ್ತಿದೆ ಅಂತ ಯಂತ್ರ ಆಫ್ ಮಾಡದೆ ನೋಡಬೇಕಾ? ಬೇಕಾದ ಜಾಗದಲ್ಲಿರುವ ಇನ್‌ಸ್ಟ್ರಕ್ಷನ್ ಒಂದನ್ನು ಎತ್ತಿಟ್ಟು, ಅಲ್ಲಿ ಬ್ರೇಕ್‌ಪಾಯಿಂಟ್ ಕೂರಿಸಬೇಕು. ಓಟ ಅಲ್ಲಿಗೆ ಬಂದ ಕೂಡಲೇ ನಾವು ಮೊದಲೇ ಬರೆದಿಟ್ಟ ಫಂಕ್ಷನ್‌ಗೆ ಕರೆ ಹೋಗುತ್ತೆ. ಇದೇ ಕಾಲ್‌ಬ್ಯಾಕ್. ಆಮೇಲೆ ಎತ್ತಿಟ್ಟ ಇನ್‌ಸ್ಟ್ರಕ್ಷನ್ ನಡೆದು, ಕೆಲಸ ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಯುತ್ತೆ. 2004ರಲ್ಲಿ ಇದು ಲಿನಕ್ಸ್‌ಗೆ ಸೇರಿತು. ಐಬಿಎಂನ ಬೆಂಗಳೂರು ಲ್ಯಾಬ್‌ನವರ ದುಡಿಮೆಯೂ ಅದರಲ್ಲಿದೆ.

ಆದರೆ ಬ್ರೇಕ್‌ಪಾಯಿಂಟ್ ಅನ್ನೋ ಪದದ ಹಿಂದೆ ಕೋಡ್ ಇಲ್ಲ, ನಿಜವಾದ ಒಂದು ವೈರ್ ಇದೆ. ಅದನ್ನು ಕಿತ್ತವರು ಬೆಟ್ಟಿ ಹೋಲ್ಬರ್ಟನ್.

ಹುಟ್ಟಿದ್ದು 1917ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಆಗಿನ ಹೆಸರು ಫ್ರಾನ್ಸಿಸ್ ಎಲಿಜಬೆತ್ ಸ್ನೈಡರ್. ಗಣಿತ ಓದೋಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ದಿನವೇ ಪ್ರೊಫೆಸರ್ ಒಬ್ಬರು, ಮನೆಯಲ್ಲಿದ್ದು ಮಕ್ಕಳನ್ನು ಸಾಕಬಾರದೇ ಎಂಬಂತೆ ಮಾತಾಡಿದರು. ಬೆಟ್ಟಿ ಪತ್ರಿಕೋದ್ಯಮ ಸೇರಿಕೊಂಡರು. ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದ ನನ್ನದೂ ಹೆಚ್ಚುಕಡಿಮೆ ಅದೇ ದಾರಿ. ಆದರೆ ನನ್ನನ್ನು ಯಾರೂ ಅಲ್ಲಿಂದ ಅಟ್ಟಿರಲಿಲ್ಲ.

ಆಮೇಲೆ ಯುದ್ಧ ಬಂತು. ಗಂಡಸರು ರಣರಂಗಕ್ಕೆ ಹೋದರು. ಫಿರಂಗಿ ಗುಂಡಿನ ಪಥ ಲೆಕ್ಕ ಹಾಕೋಕೆ ಸೈನ್ಯಕ್ಕೆ ಜನ ಬೇಕಾಯಿತು. ಆಗ ಕಂಪ್ಯೂಟರ್ ಅಂದರೆ ಯಂತ್ರವಲ್ಲ, ಆ ಲೆಕ್ಕ ಮಾಡುವವರು. 1945ರಲ್ಲಿ ಅವರಲ್ಲೇ ಆರು ಹೆಣ್ಣುಮಕ್ಕಳನ್ನು ಎನಿಯಾಕ್ ಎಂಬ ಹೊಸ ಯಂತ್ರಕ್ಕೆ ಆರಿಸಿದರು. ತಮಾಷೆ ನೋಡಿ, ಶುರುವಿನಲ್ಲಿ ಆ ಯಂತ್ರವಿದ್ದ ಕೋಣೆಯೊಳಗೆ ಹೋಗೋಕೇ ಅವರಿಗೆ ಅನುಮತಿ ಇರಲಿಲ್ಲ. ನಕ್ಷೆಗಳನ್ನು ಓದಿ ಕಲಿತರು.

ಎನಿಯಾಕ್‌ನಲ್ಲಿ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳು. ಆಪರೇಟಿಂಗ್ ಸಿಸ್ಟಮ್ ಇಲ್ಲ, ಪ್ರೋಗ್ರಾಮಿಂಗ್ ಭಾಷೆ ಇಲ್ಲ. ಪ್ರೋಗ್ರಾಮ್ ಅಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಎಳೆದ ವೈರ್‌ಗಳು, ತಿರುಗಿಸಿಟ್ಟ ಸ್ವಿಚ್‌ಗಳು. ಕೊನೆಯಲ್ಲಿ ಉತ್ತರ ತಪ್ಪು ಬಂದರೆ ಎಲ್ಲಿ ಎಡವಿತು ಅಂತ ಗೊತ್ತಾಗೋದು ಹೇಗೆ? ಮುಂದಿನ ಹೆಜ್ಜೆಗೆ ಸಿಗ್ನಲ್ ಒಯ್ಯುವ ವೈರನ್ನು ಕಿತ್ತುಬಿಡೋದು ಬೆಟ್ಟಿಯ ಉಪಾಯ. ಯಂತ್ರ ಅಲ್ಲೇ ನಿಲ್ಲುತ್ತೆ. ಅಷ್ಟರವರೆಗಿನ ಅಂಕಿಗಳನ್ನು ದೀಪಗಳಲ್ಲಿ ಓದಿಕೊಳ್ಳಬಹುದು. ಸರಿ ಇದ್ದರೆ ಆ ತನಕ ಸರಿ, ತಪ್ಪಿದ್ದರೆ ಇನ್ನೂ ಹಿಂದೆ ಹೋಗಿ ಹುಡುಕು.

1946ರ ಫೆಬ್ರವರಿ 15ರಂದು ಎನಿಯಾಕ್‌ನ ಅಧಿಕೃತ ಪ್ರದರ್ಶನ. ಪ್ರೋಗ್ರಾಮ್ ಸಿದ್ಧಪಡಿಸಿದ್ದು ಬೆಟ್ಟಿ ಮತ್ತು ಜೀನ್ ಜೆನ್ನಿಂಗ್ಸ್. ಹಿಂದಿನ ರಾತ್ರಿವರೆಗೂ ಒಂದು ತೊಡಕು: ಗುಂಡು ನೆಲ ಮುಟ್ಟಿದ ಮೇಲೂ ಲೆಕ್ಕ ನಿಲ್ಲುತ್ತಿರಲಿಲ್ಲ. ಬೆಟ್ಟಿಗೆ ನಿದ್ದೆಯಲ್ಲಿ ಉತ್ತರ ಹೊಳೆಯಿತು. ಬೆಳಿಗ್ಗೆ ಬಂದು ಒಂದೇ ಒಂದು ಸ್ವಿಚ್ ಬದಲಾಯಿಸಿದರು. ಪ್ರದರ್ಶನ ಭರ್ಜರಿಯಾಗಿ ನಡೆಯಿತು. ರಾತ್ರಿಯ ಔತಣಕ್ಕೆ ಮಾತ್ರ ಈ ಹೆಣ್ಣುಮಕ್ಕಳನ್ನು ಕರೆಯಲಿಲ್ಲ. ದಶಕಗಳ ನಂತರ ಫೋಟೋ ನೋಡಿದವರು, ಯಂತ್ರದ ಪಕ್ಕ ಚೆಂದಕ್ಕೆ ನಿಲ್ಲಿಸಿದ ಮಾಡೆಲ್‌ಗಳು ಅಂದುಕೊಂಡರು.

ಇದನ್ನು ಮರೆವು ಅಂತ ನಾನು ಒಪ್ಪಲ್ಲ. ದಾಖಲೆಯಲ್ಲೇ ಅವರ ಹುದ್ದೆ ವೃತ್ತಿಪರರಿಗಿಂತ ಕೆಳಗಿನ ದರ್ಜೆಯದು. ಯಂತ್ರ ಕಟ್ಟೋದು ಘನಕಾರ್ಯ, ಅದರೊಳಗೆ ಏನಾಗ್ತಿದೆ ಅಂತ ತಿಳಿಯೋದು ಗುಮಾಸ್ತಿಕೆ ಅನ್ನೋ ಲೆಕ್ಕಾಚಾರ. ಈಗ ಆ ಬೆಲೆ ತಿರುಗುಮುರುಗಾಗಿದೆ. ಕರ್ನೆಲ್‌ಗೆ ಪ್ರೋಬ್ ಹಾಕೋಕೆ ರೂಟ್ ಅಧಿಕಾರ ಬೇಕು. ದುಡ್ಡು ಕೊಟ್ಟು ಕೊಂಡ ನಮ್ಮ ಜೇಬಿನ ಫೋನ್‌ನಲ್ಲೇ ಸಾಮಾನ್ಯವಾಗಿ ಆ ಅಧಿಕಾರ ನಮಗಿರಲ್ಲ, ಕಂಪನಿ ಇಟ್ಟುಕೊಂಡಿರುತ್ತೆ.

ಮುಂದೆ ಬೆಟ್ಟಿ ಯುನಿವ್ಯಾಕ್‌ಗೆ ಸಿ-10 ಎಂಬ ಇನ್‌ಸ್ಟ್ರಕ್ಷನ್ ಕೋಡ್ ರೂಪಿಸಿದರು. ಬರೀ ಅಂಕಿಗಳ ಬದಲು ನೆನಪಿಡೋಕೆ ಸುಲಭವಾದ ಅಕ್ಷರಗಳು: ಆ್ಯಡ್‌ಗೆ ಎ, ಬ್ರಿಂಗ್‌ಗೆ ಬಿ. ಡೇಟಾ ವಿಂಗಡಿಸುವ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಪ್ರೋಗ್ರಾಮ್ ಒಂದನ್ನು ಬರೆದರು. ಕೋಬಾಲ್ ರೂಪಿಸಿದವರಲ್ಲಿ ಇದ್ದರು, ಫೋರ್‌ಟ್ರಾನ್‌ನ ಮಾನದಂಡಗಳಿಗೂ ದುಡಿದರು.

ಏಡಾ ಲವ್ಲೇಸ್ ಪ್ರಶಸ್ತಿ ಬಂದಾಗ 1997. ವಯಸ್ಸು 80. ನಾಲ್ಕು ವರ್ಷದ ನಂತರ, 2001ರ ಡಿಸೆಂಬರ್ 8ರಂದು, ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ತೀರಿಕೊಂಡರು.