ಕುದುರೆ ಇಲ್ಲದ ಗಾಡಿಯ ಮೇಷ್ಟ್ರು

ಕ್ರಿಕೆಟ್ ಇತಿಹಾಸ ಸ್ವಲ್ಪ ಓದಿದವರಿಗೆ ಡಬ್ಲ್ಯೂ. ಜಿ. ಗ್ರೇಸ್ ಹೆಸರು ಗೊತ್ತಿರುತ್ತೆ. ಎದೆಯವರೆಗೆ ಇಳಿದ ಗಡ್ಡ, ದಪ್ಪ ದೇಹ, ತಲೆ ಮೇಲೆ ಪುಟ್ಟ ಟೋಪಿ. ಈ ಲೇಖನ ಅವರ ಬಗ್ಗೆ ಅಲ್ಲ, ಅವರ ತಾಯಿಯ ತಂದೆ ಬಗ್ಗೆ. 1824ರ ಸುಮಾರಿಗೆ ಈ ತಾತ ತಮ್ಮ ಹನ್ನೆರಡರ ಆಸುಪಾಸಿನ ಮಗಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಆ ಕುರ್ಚಿಯನ್ನು ಗಾಳಿಪಟಕ್ಕೆ ಕಟ್ಟಿ ಆಕಾಶಕ್ಕೆ ಏರಿಸಿದ್ರು. ಹುಡುಗಿ ಹೋಗಿದ್ದು ಸುಮಾರು 270 ಅಡಿ ಎತ್ತರ. ನಮ್ಮ ಮೈಸೂರು ಅರಮನೆಯ ನಡುಗೋಪುರ 145 ಅಡಿ. ಅಂದ್ರೆ ಹೆಚ್ಚುಕಡಿಮೆ ಅದರ ಎರಡರಷ್ಟು.

ಆ ತಾತನ ಹೆಸರು ಜಾರ್ಜ್ ಪೋಕಾಕ್. ಮನುಷ್ಯನನ್ನೋ ಗಾಡಿಯನ್ನೋ ಎಳೆಯುವಷ್ಟು ಬಲ ಇರೋ ಗಾಳಿಪಟಕ್ಕೆ ಇವತ್ತು ಪವರ್ ಕೈಟ್ ಅಂತಾರೆ. ನಮ್ಮಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬರೋ ಎಷ್ಟೋ ಜನ ಆಷಾಢದಲ್ಲಿ ಗಾಳಿಪಟ ಹಾರಿಸಿಯೇ ಬೆಳೆದವರು. ಯೂಟ್ಯೂಬಿನಲ್ಲಿ ಪವರ್ ಕೈಟ್ ನೋಡಿ, ನಮ್ಮೂರಲ್ಲಿ ಇದನ್ನ ಎಲ್ಲಿ ಹಾರಿಸಬಹುದು ಅಂತ ಯೋಚಿಸಿದವರೂ ಇದ್ದೀರಿ. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಸಿಕ್ಕವರು ಪೋಕಾಕ್ ಮೇಷ್ಟ್ರು. ಉತ್ತರದ ಅರ್ಧ ಭಾಗ ಅವರ ಬದುಕಿನಲ್ಲೇ ಇದೆ.

ಪೋಕಾಕ್ ಹುಟ್ಟಿದ್ದು 1774ರಲ್ಲಿ, ಇಂಗ್ಲೆಂಡಿನ ಹಂಗರ್‌ಫೋರ್ಡ್ ಅನ್ನೋ ಊರಲ್ಲಿ. ಆಗ ಇಲ್ಲಿ ಮೈಸೂರಿನಲ್ಲಿ ಹೈದರ್ ಅಲಿಯ ಕಾಲ. ಹುಡುಗನಾಗಿದ್ದಾಗ ಒಂದು ದಿನ ಗಾಳಿಪಟದ ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ ನೋಡಿದ್ರು. ಪಟ ಕಲ್ಲನ್ನೂ ಎತ್ತಿಕೊಂಡು ಹೋಯ್ತು. ನಾವಾಗಿದ್ರೆ ನಕ್ಕು ಸುಮ್ಮನಾಗ್ತಿದ್ವಿ. ಇವರು ಇನ್ನೂ ದೊಡ್ಡ ಪಟ ಮಾಡಿದ್ರು, ಇನ್ನೂ ದೊಡ್ಡ ಕಲ್ಲು ಕಟ್ಟಿದ್ರು. ಎಷ್ಟು ಗಾಳಿಗೆ, ಎಷ್ಟು ದೊಡ್ಡ ಪಟ, ಎಷ್ಟು ಭಾರ ಎಳೆಯುತ್ತೆ ಅನ್ನೋ ಲೆಕ್ಕ ಆವತ್ತು ಶುರುವಾಗಿ ಕೊನೆವರೆಗೂ ಅವರನ್ನ ಬಿಡಲಿಲ್ಲ.

ದೊಡ್ಡವರಾದ ಮೇಲೆ ಬ್ರಿಸ್ಟಲ್ ನಗರದಲ್ಲಿ ಹುಡುಗರಿಗೆ ಒಂದು ವಸತಿ ಶಾಲೆ ನಡೆಸಿದ್ರು. ಜೊತೆಗೆ ಧರ್ಮಪ್ರಚಾರಕರೂ ಹೌದು. ಚರ್ಚಿಗೆ ಬಾರದ ಬಡವರ ಹತ್ತಿರ ತಾವೇ ಹೋಗಬೇಕು ಅಂತ, ಬಿಚ್ಚಿ ಕಟ್ಟಿ ಸಾಗಿಸಬಹುದಾದ ಡೇರೆ ಮಾಡಿಸಿ ಊರೂರು ತಿರುಗಿದ್ರು. ಗಾಳಿ ತುಂಬಿಸಿದ್ರೆ ಉಬ್ಬಿ ಗೋಳವಾಗೋ, ಆಮೇಲೆ ಮಡಚಿ ಇಡಬಹುದಾದ ಭೂಗೋಳವನ್ನೂ ಮಾಡಿದ್ರು. ಡೇರೆ, ಕಾಗದದ ಗೋಳ, ಗಾಳಿಪಟ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಹಗುರವಾದ ವಸ್ತುವಿಂದ ದೊಡ್ಡ ಕೆಲಸ ತೆಗೆಯೋದೇ ಇವರ ಇಂಜಿನಿಯರಿಂಗ್.

1820ರ ಹೊತ್ತಿಗೆ ಅವರಿಗೆ ಒಂದು ವಿಷಯ ಖಚಿತವಾಗಿತ್ತು: ಒಂದೇ ದಾರಕ್ಕೆ ಎರಡು ಪಟ ಕಟ್ಟಿದ್ರೆ ಗಾಡಿ ಎಳೆಸಬಹುದು. ಆದ್ರೆ ಗಾಡಿಗಿಂತ ಮೊದಲು ನಡೆದಿದ್ದು ಆ ಕುರ್ಚಿಯ ಪ್ರಯೋಗ. ಪಟ 30 ಅಡಿ ಉದ್ದದ್ದು. ಕುರ್ಚಿಯಲ್ಲಿ ಕೂತವಳು ಮಗಳು ಮಾರ್ಥಾ. ಅದೇ ವರ್ಷ ಬ್ರಿಸ್ಟಲ್ ಹೊರಗಿನ 200 ಅಡಿ ಎತ್ತರದ ಬಂಡೆ ಮೇಲಕ್ಕೆ ಮಗನನ್ನೂ ಹೀಗೇ ಏರಿಸಿದ್ರು. ಓದುವಾಗ ಮಜಾ ಅನ್ಸುತ್ತೆ. ಆದ್ರೆ ಒಂದು ನಿಮಿಷ ಆ ತಂದೆ ನಿಂತಿದ್ದ ಜಾಗದಲ್ಲಿ ನಿಂತು ನೋಡಿ. ಗಾಳಿ ಸಟ್ಟನೆ ನಿಂತುಬಿಟ್ರೆ? ಸೂತ್ರ ಕಿತ್ತುಹೋದ್ರೆ? ಪ್ಯಾರಾಶೂಟ್ ಇಲ್ಲ, ಹೆಲ್ಮೆಟ್ ಇಲ್ಲ. ಕಲ್ಲಿನಿಂದ ಕುರ್ಚಿಯವರೆಗೆ ವರ್ಷಗಟ್ಟಲೆ ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ರಿಂದ ಅವರಿಗೆ ಧೈರ್ಯ ಇದ್ದಿರಬೇಕು. ಆದ್ರೂ ಅದು ಸರಿಯಾ ಅಂತ ನನಗೆ ಇವತ್ತಿಗೂ ಒಪ್ಪೋಕೆ ಆಗಿಲ್ಲ. ಮಾರ್ಥಾ ಕ್ಷೇಮವಾಗಿ ಇಳಿದು ಬಂದಳು ಅನ್ನೋದೇ ಸಮಾಧಾನ.

1826ರಲ್ಲಿ ಕರ್ನಲ್ ಜೇಮ್ಸ್ ವೈನಿ ಅನ್ನೋರ ಜೊತೆ ಸೇರಿ ಪೋಕಾಕ್ ತಮ್ಮ ಗಾಡಿಗೆ ಪೇಟೆಂಟ್ ತಗೊಂಡ್ರು. ಹೆಸರು ಚಾರ್‌ವೋಲಾಂಟ್. ಮರುವರ್ಷ ಆ ವಿದ್ಯೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ್ರು. ಗಾಡಿಯ ವಿನ್ಯಾಸ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಇಷ್ಟ ಆಗುತ್ತೆ. ಮುಂದಿನ ಚಕ್ರ ತಿರುಗಿಸೋಕೆ ಟಿ ಆಕಾರದ ಹಿಡಿ. ಬ್ರೇಕ್ ಅಂದ್ರೆ ನೆಲಕ್ಕೆ ಒತ್ತಿ ಉಜ್ಜೋ ಒಂದು ಕಬ್ಬಿಣದ ಸಲಾಕೆ. ಪಟಗಳನ್ನ ಎಡಕ್ಕೆ, ಬಲಕ್ಕೆ ತಿರುಗಿಸೋಕೆ, ಎಳೆತ ಹೆಚ್ಚುಕಡಿಮೆ ಮಾಡೋಕೆ ನಾಲ್ಕು ದಾರ. ಇವತ್ತಿನ ನಾಲ್ಕು ಲೈನಿನ ಪವರ್ ಕೈಟಿನಲ್ಲೂ ಹಿಂದಿರೋ ಯೋಚನೆ ಇದೇ.

ದಾರದ ಉದ್ದ 1500ರಿಂದ 1800 ಅಡಿ, ಅಂದ್ರೆ ಅರ್ಧ ಕಿಲೋಮೀಟರ್ ಆಸುಪಾಸು. ಅಷ್ಟುದ್ದ ಯಾಕೆ? ನೆಲದ ಹತ್ತಿರ ಮರ, ಮನೆ, ದಿಬ್ಬಕ್ಕೆ ತಾಗಿ ಗಾಳಿಯ ವೇಗ ಕಮ್ಮಿ ಆಗುತ್ತೆ. ಮೇಲೆ ಹೋದಷ್ಟೂ ಗಾಳಿ ಜೋರು, ಒಂದೇ ಸಮ. ಎಳೆತ ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಮುಗಿಸಿದವರು ಇದನ್ನ ಒಂದು ಸಾಲಲ್ಲಿ ಬರೀತಾರೆ. ಎರಡು ಚದರ ಮೀಟರ್ ಪಟಕ್ಕೆ ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಸುಮಾರು 3 ಕೆಜಿ ಭಾರದಷ್ಟು ಎಳೆತ ಬಂದ್ರೆ, 10 ಮೀಟರ್ ಗಾಳಿಯಲ್ಲಿ ಬರೋದು 6 ಅಲ್ಲ, 12. ಪಟ ಅಡ್ಡಡ್ಡ ವೇಗವಾಗಿ ಓಡ್ತಾ ಇದ್ರೆ ಅದಕ್ಕೆ ತಾಗೋ ಗಾಳಿ ಇನ್ನೂ ಜಾಸ್ತಿ, ಎಳೆತ ಅದರ ಎಷ್ಟೋ ಪಟ್ಟು. ಮೊದಲ ದಿನವೇ ದೊಡ್ಡ ಪಟ ಹಿಡಿದವರು ಮುಗ್ಗರಿಸಿ ನೆಲದ ಮೇಲೆ ಎಳೆಸಿಕೊಂಡು ಹೋಗೋದು ಈ ವರ್ಗದ ಲೆಕ್ಕ ಮರೆತಾಗಲೇ.

ಗಾಡಿ ನಿಜವಾಗ್ಲೂ ಓಡ್ತು. ಹಲವರನ್ನ ಕೂರಿಸಿಕೊಂಡು ಗಂಟೆಗೆ 32 ಕಿಲೋಮೀಟರ್ ವೇಗದವರೆಗೆ. ಕೆಟ್ಟ ರಸ್ತೆಯಲ್ಲಿ ಒಂದು ಮೈಲಿಯನ್ನ ಎರಡೂ ಮುಕ್ಕಾಲು ನಿಮಿಷದಲ್ಲಿ ಮುಗಿಸಿದ ದಾಖಲೆ ಇದೆ. ಆ ಕಾಲದಲ್ಲಿ ದೂರದ ಪ್ರಯಾಣಕ್ಕೆ ಅತಿ ವೇಗದ ಗಾಡಿ ಅಂದ್ರೆ ಅಂಚೆ ಕೋಚು. ಬ್ರಿಸ್ಟಲ್–ಮಾರ್ಲ್‌ಬರೋ ದಾರಿಯಲ್ಲಿ ಚಾರ್‌ವೋಲಾಂಟ್ ಅದನ್ನೂ ಹಿಂದೆ ಹಾಕಿತ್ತು. ಒಂದು ಸಲ ಗ್ಲೌಸ್ಟರ್ ಡ್ಯೂಕ್ ಅವರ ಗಾಡಿಯನ್ನೇ ಓವರ್‌ಟೇಕ್ ಮಾಡಿಬಿಟ್ರು. ರಾಜಮನೆತನದವರನ್ನ ದಾಟಿ ಹೋಗೋದು ಮರ್ಯಾದೆ ಅಲ್ಲ ಅಂತ ಆಮೇಲೆ ಗಾಡಿ ನಿಲ್ಲಿಸಿ ಅವರನ್ನ ಮುಂದೆ ಬಿಟ್ಟರಂತೆ. ಇನ್ನೊಂದು ತಮಾಷೆ: ಟೋಲ್ ಗೇಟಿನಲ್ಲಿ ಸುಂಕ ಎಣಿಸ್ತಿದ್ದಿದ್ದು ಕುದುರೆ ಲೆಕ್ಕದಲ್ಲಿ. ಈ ಗಾಡಿಗೆ ಕುದುರೆಯೇ ಇಲ್ಲ. ಹಾಗಾಗಿ ಸುಂಕವೂ ಇಲ್ಲ. ನಮ್ಮ ದೇಶದ ಕಾನೂನು ಇಷ್ಟು ಸುಲಭಕ್ಕೆ ಬಿಡೋದಿಲ್ಲ. 1934ರ ವಿಮಾನ ಕಾಯ್ದೆ ವಿಮಾನ ಅನ್ನೋ ಪದದ ಅರ್ಥದೊಳಗೇ ಗಾಳಿಪಟವನ್ನೂ ಸೇರಿಸಿತ್ತು.

1828ರಲ್ಲಿ ಆಸ್ಕಟ್ ರೇಸ್ ಮೈದಾನದಲ್ಲಿ ನಾಲ್ಕನೇ ಜಾರ್ಜ್ ದೊರೆಯ ಎದುರು ಪ್ರದರ್ಶನ ಆಯ್ತು. ದೊಡ್ಡ ದೊಡ್ಡ ಜನ ನೋಡಿದ್ರು, ಮೆಚ್ಚಿದ್ರು. ಆದ್ರೆ ಯಾರೂ ಕೊಂಡುಕೊಳ್ಳಲಿಲ್ಲ.

ಯಾಕೆ? ಎಳೆತ ಸಾಲದೆ ಅಲ್ಲ. ಗಾಳಿ ಒಂದು ದಿಕ್ಕಿಗೆ, ರಸ್ತೆ ಇನ್ನೊಂದು ದಿಕ್ಕಿಗೆ. ಗಾಳಿ ಎದುರಿಗೆ ಬಂದ್ರೆ ಗಾಡಿ ನೇರ ಮುಂದೆ ಹೋಗಲ್ಲ. ರಸ್ತೆ ಬದಿಯ ಮರ, ತಿರುವು, ಸೇತುವೆ, ಊರಿನ ಮನೆಗಳ ನಡುವೆ ಅರ್ಧ ಕಿಲೋಮೀಟರ್ ದಾರ ನಿಭಾಯಿಸೋದು ಹುಡುಗಾಟವಲ್ಲ. ಎರಡು ಪಟಗಳನ್ನ ಒಟ್ಟಿಗೆ ಆಡಿಸೋ ಕೈಚಳಕ ಪೋಕಾಕ್ ಮನೆಯವರನ್ನ ಬಿಟ್ಟು ಹೆಚ್ಚು ಜನಕ್ಕೆ ಬರಲೇ ಇಲ್ಲ. ಅಷ್ಟರಲ್ಲಿ ರೈಲು ಬಂತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ತೆರೆಯಿತು, 1841ರಲ್ಲಿ ಲಂಡನ್ನಿನಿಂದ ಅವರ ಬ್ರಿಸ್ಟಲ್‌ಗೇ ರೈಲು ಬಂತು. 1836ರಲ್ಲಿ ಬ್ರಿಸ್ಟಲ್‌ನಲ್ಲಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆದಾಗ, ಅರವತ್ತು ದಾಟಿದ ಮೇಷ್ಟ್ರು ಮತ್ತೆ ಗಾಡಿ ಹೊರಗೆ ತಂದು ತೋರಿಸಿದ್ರು. 1843ರಲ್ಲಿ ತೀರಿಕೊಂಡ್ರು.

ಕುರ್ಚಿಯಲ್ಲಿ ಹಾರಿದ್ದ ಮಾರ್ಥಾ 1831ರಲ್ಲಿ ಹೆನ್ರಿ ಗ್ರೇಸ್ ಅನ್ನೋ ವೈದ್ಯರನ್ನ ಮದುವೆಯಾಗಿದ್ಲು. ತಾತ ಹೋದ ಐದು ವರ್ಷಕ್ಕೆ, 1848ರಲ್ಲಿ, ಡಬ್ಲ್ಯೂ. ಜಿ. ಹುಟ್ಟಿದ್ರು. ಅವರಿಗೆ ಬ್ಯಾಟ್ ಹಿಡಿಯೋದು ಕಲಿಸಿದವರಲ್ಲಿ ಮುಖ್ಯರು ಸೋದರಮಾವ ಆಲ್ಫ್ರೆಡ್ ಪೋಕಾಕ್. 1880ರಲ್ಲಿ ಇಂಗ್ಲೆಂಡ್ ನೆಲದಲ್ಲಿ ನಡೆದ ಮೊದಲ ಟೆಸ್ಟಿನಲ್ಲಿ ಮಾರ್ಥಾಳ ಮೂವರು ಮಕ್ಕಳು ಒಟ್ಟಿಗೆ ಆಡಿದ್ರು. ಆ ಕುರ್ಚಿಯ ಹಗ್ಗ ಅವತ್ತು ಕಿತ್ತುಹೋಗಿದ್ರೆ ಕ್ರಿಕೆಟ್ ಚರಿತ್ರೆ ಬೇರೆಯೇ ಇರ್ತಿತ್ತು.

ತಾತನ ಯೋಚನೆಯೂ ಸಾಯಲಿಲ್ಲ. 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಗಾಳಿಪಟ ಎಳೆಯೋ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ರು. 2008ರಲ್ಲಿ ಬೆಲೂಗಾ ಸ್ಕೈಸೇಲ್ಸ್ ಅನ್ನೋ ಸರಕು ಹಡಗು ಇಂಧನ ಉಳಿಸೋಕೆ 160 ಚದರ ಮೀಟರ್ ಪಟ ಕಟ್ಟಿಕೊಂಡು ಅಟ್ಲಾಂಟಿಕ್ ದಾಟಿತು.

ಈಗ ನಮ್ಮ ಊರಿಗೆ ಬರೋಣ. ಪೋಕಾಕ್ ಅವರಿಗೆ ಗಾಳಿ ಮತ್ತು ರಸ್ತೆ ಒಂದೇ ಕಡೆ ಸಿಗಲಿಲ್ಲ. ನಮಗೆ ಗಾಳಿ ಮತ್ತು ಬಯಲು ಒಂದೇ ಕಾಲಕ್ಕೆ ಸಿಗಲ್ಲ. ನಮ್ಮಲ್ಲಿ ಒಳ್ಳೆ ಗಾಳಿ ಅಂದ್ರೆ ಮುಂಗಾರಿನದು, ಜೂನ್‌ನಿಂದ ಆಗಸ್ಟ್, ನೈಋತ್ಯ ಮತ್ತು ಪಶ್ಚಿಮದಿಂದ. ಆಗ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ನಿಂತಿರುತ್ತೆ, ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ನಡೀತಿರುತ್ತೆ. ಬೆಳೆ ಇರೋ ಜಮೀನಿಗೆ ಕಾಲಿಡೋ ಮಾತೇ ಇಲ್ಲ. ಕುಯ್ಲು ಮುಗಿದು ಬಯಲು ಸಿಗೋ ಹೊತ್ತಿಗೆ ಗಾಳಿ ತಣ್ಣಗಾಗಿರುತ್ತೆ.

ಎರಡೂ ಸೇರೋ ಸಣ್ಣ ಸಂದು ಒಂದಿದೆ: ಮೇ ಕೊನೆಯಿಂದ ಜೂನ್ ನಡುವಿನವರೆಗೆ. ಗಾಳಿ ಎದ್ದಿರುತ್ತೆ, ಕೆರೆಗಳು ಇನ್ನೂ ತುಂಬಿರಲ್ಲ. ಕೆ.ಆರ್. ನಗರದ ಕಡೆ ಕೆಆರ್‌ಎಸ್ ಹಿನ್ನೀರು ಹಿಂದೆ ಸರಿದು ಬಿಟ್ಟ ಹುಲ್ಲಿನ ಬಯಲು, ಹುಣಸೂರು–ಪಿರಿಯಾಪಟ್ಟಣ ಕಡೆ ಒಣಗಿದ ಕೆರೆ ಅಂಗಳ, ರಜೆಯಲ್ಲಿ ಖಾಲಿ ಇರೋ ದೊಡ್ಡ ಮೈದಾನ ಇವೇ ನಮ್ಮ ಜಾಗಗಳು. ಊರಿನವರನ್ನ ಕೇಳಿಯೇ ಹೋಗಿ, ದನ ಮೇಯ್ತಿದ್ರೆ ದೂರ ಇರಿ. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು ನೋಡೋಕೆ ಎಲ್ಲಕ್ಕಿಂತ ಚೆಂದ. ಆದ್ರೆ ಕಾಡಿನಂಚು ಆನೆಗಳ ಜಾಗ, ಅದನ್ನ ಅವಕ್ಕೇ ಬಿಡೋಣ. ಕೋಟೆಯವರು ಕಾಡಿನಿಂದ ದೂರದ ಮೈದಾನ ಹುಡುಕೋದು ಒಳ್ಳೇದು.

ಜಾಗ ನೋಡುವಾಗ ಮೊದಲು ತಲೆ ಎತ್ತಿ ನೋಡಿ. ಕರೆಂಟ್ ತಂತಿ ಕಣ್ಣಿಗೆ ಬಿದ್ರೆ ಅಲ್ಲಿಂದ ವಾಪಸ್. ಆಮೇಲೆ ಗಾಳಿ ಬರೋ ಕಡೆ ನೋಡಿ. ಮರದ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಗಾಳಿ ಕದಡಿರುತ್ತೆ. ಅಂದ್ರೆ 15 ಮೀಟರ್ ತೆಂಗಿನ ಸಾಲಿನಿಂದ ನೂರು ಮೀಟರಿಗೂ ಹೆಚ್ಚು ದೂರ ನಿಲ್ಲಬೇಕು. ಹಿನ್ನೀರಾದ್ರೆ ನೀರು ನೈಋತ್ಯಕ್ಕಿರಲಿ, ನೀವು ಈಶಾನ್ಯದ ದಂಡೆಯಲ್ಲಿರಿ, ಬೆನ್ನಿಗೆ ನೀರು, ಮುಂದೆ ಖಾಲಿ ಬಯಲು. ಇದು ವಾಸ್ತು ಅಲ್ಲ, ನೀರಿನ ಮೇಲಿಂದ ಬರೋ ಗಾಳಿ ಕದಡಿರಲ್ಲ ಅಂತ. ಗುಡುಗು ಕೇಳಿದ್ರೆ ಆಟ ಮುಗೀತು.

ಪಟ ಕೊಳ್ಳೋದಾದ್ರೆ ಎರಡು ಚದರ ಮೀಟರಿನ ಸಣ್ಣದು ಸಾಕು. ಕೈ ಬಿಟ್ಟ ತಕ್ಷಣ ಎಳೆತ ಸತ್ತು ಪಟ ನೆಲಕ್ಕೆ ಬೀಳೋ ಹಾಗೆ ಮಣಿಕಟ್ಟಿಗೆ ಕಟ್ಟೋ ಸುರಕ್ಷತಾ ದಾರ ಇರಲೇಬೇಕು. ಗಂಟೆಗೆ 12ರಿಂದ 20 ಕಿಲೋಮೀಟರ್ ಗಾಳಿಯಲ್ಲಿ ಶುರು ಮಾಡಿ. ಒಬ್ಬರೇ ಹೋಗಬೇಡಿ. ಗಾಜಿನ ಮಾಂಜಾ ಈ ಆಟದಲ್ಲಿ ಇಲ್ಲವೇ ಇಲ್ಲ. ನಾವು ಹಾರಿಸೋದು ಯಾರ ಪಟ ಕತ್ತರಿಸೋಕೂ ಅಲ್ಲ.

ಪೋಕಾಕ್ ಮೇಷ್ಟ್ರ ವಿದ್ಯೆ ಅವರ ಮನೆಯೊಳಗೇ ಉಳಿದು ಅವರ ಜೊತೆಗೇ ಹೋಯ್ತು. ನಾವು ಆ ತಪ್ಪು ಮಾಡೋದು ಬೇಡ. ನಿಮ್ಮೂರಲ್ಲಿ ತಂತಿ ಇಲ್ಲದ, ಮರ ಇಲ್ಲದ, ಪಶ್ಚಿಮಕ್ಕೆ ತೆರೆದ ಒಂದು ಬಯಲು ಗೊತ್ತಿದ್ರೆ ಕನ್ನಡ ಸಂಘದಲ್ಲಿ ಹೇಳಿ. ಮುಂದಿನ ಜೂನ್‌ನಲ್ಲಿ ಎಲ್ಲರೂ ಸೇರಿ ಹೋಗಿ ನೋಡೋಣ. ಕುರ್ಚಿ ಮಾತ್ರ ತರಬೇಡಿ.