ಸುಳಿಗಾಳಿಗೆ ಹೆಸರಿತ್ತ ನಾವಿಕ : ಹೆನ್ರಿ ಪಿಡಿಂಗ್ಟನ್

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂಬ ಸುದ್ದಿ ಆಕಾಶವಾಣಿಯಲ್ಲಿ ಬಿತ್ತರವಾದೊಡನೆ ಕರಾವಳಿಯ ಬೆಸ್ತರು ದೋಣಿಗಳನ್ನು ದಡಕ್ಕೆಳೆಯುತ್ತಾರೆ. ಬಂದರುಗಳಲ್ಲಿ ಅಪಾಯದ ಸಂಕೇತಗಳು ಮೇಲೇರುತ್ತವೆ. ಆ ಸುದ್ದಿಯಲ್ಲಿ ಪದೇ ಪದೇ ಕೇಳಿಬರುವ ‘ಸೈಕ್ಲೋನ್’ ಎಂಬ ಶಬ್ದವು ಇಂಗ್ಲೆಂಡಿನ ವಿದ್ಯಾಪೀಠಗಳಲ್ಲಿ ಹುಟ್ಟಿದುದಲ್ಲ. ಅದನ್ನು ರಚಿಸಿದವರು ಕಲ್ಕತ್ತೆಯಲ್ಲಿ ನೆಲೆಸಿದ್ದ ಹಳೆಯ ಹಡಗಿನ ಕಪ್ತಾನರೊಬ್ಬರು. ಶಬ್ದ ಉಳಿಯಿತು, ಅವರ ಹೆಸರನ್ನು ಬಲ್ಲವರು ವಿರಳ.

ಹೆನ್ರಿ ಪಿಡಿಂಗ್ಟನ್ನರು 1797ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದರು. ಭಾರತ ಹಾಗೂ ಚೀನಗಳ ನಡುವೆ ಸಂಚರಿಸುತ್ತಿದ್ದ ವ್ಯಾಪಾರದ ಹಡಗುಗಳಲ್ಲಿ ದುಡಿದು ಕಪ್ತಾನರಾದರು. ಆಮೇಲೆ ಕಡಲನ್ನು ಬಿಟ್ಟು ಕಲ್ಕತ್ತೆಯಲ್ಲಿ ನೆಲೆಯೂರಿದರು. ಅವರ ಆಸಕ್ತಿ ಒಂದೇ ವಿಷಯಕ್ಕೆ ಕಟ್ಟುಬಿದ್ದುದಲ್ಲ. 1832ರಲ್ಲಿ ಭಾರತದ ಸಸ್ಯಗಳ ಹೆಸರುಗಳ ಸೂಚಿಯೊಂದನ್ನು ಪ್ರಕಟಿಸಿದರು. ಬಂಗಾಳದ ಏಷಿಯಾಟಿಕ್ ಸೊಸೈಟಿಯ ಕಾರ್ಯಗಳಲ್ಲಿ ಭಾಗಿಯಾದರು. ಭೂಗರ್ಭ ಸಂಪತ್ತಿನ ವಸ್ತುಸಂಗ್ರಹಾಲಯದ ಪಾಲಕರಾಗಿ ಕಲ್ಲು ಮಣ್ಣುಗಳನ್ನು ಪರೀಕ್ಷಿಸಿದರು. ಇಷ್ಟರಲ್ಲಿಯೇ ಅವರ ಬಾಳು ಮುಗಿದಿದ್ದರೆ, ಆ ಕಾಲದ ಕಲ್ಕತ್ತೆಯ ಅನೇಕ ಬಹುಶ್ರುತರಲ್ಲಿ ಅವರೂ ಒಬ್ಬರಾಗಿ ಉಳಿಯುತ್ತಿದ್ದರು.

ಅವರ ದಾರಿಯನ್ನು ತಿರುಗಿಸಿದ್ದು ಒಂದು ಗ್ರಂಥ. ಕಡಲಿನ ಬಿರುಗಾಳಿಯು ನೇರವಾಗಿ ಬೀಸದೆ ಸುತ್ತುತ್ತದೆಂಬ ವಿಚಾರವನ್ನು ಮದರಾಸು ಪ್ರಾಂತದಲ್ಲಿ ಸೇವೆ ಸಲ್ಲಿಸಿದ್ದ ಕರ್ನಲ್ ಜೇಮ್ಸ್ ಕ್ಯಾಪರ್ 1801ರಷ್ಟು ಹಿಂದೆಯೇ ಬರೆದಿದ್ದರು. ಅಮೆರಿಕೆಯ ವಿಲಿಯಂ ರೆಡ್‌ಫೀಲ್ಡ್ ಎಂಬವರು ಗಾಳಿಗೆ ಉರುಳಿದ ಮರಗಳು ಒಂದೂರಿನಲ್ಲಿ ಒಂದು ದಿಕ್ಕಿಗೂ ಮತ್ತೊಂದೂರಿನಲ್ಲಿ ಅದಕ್ಕೆ ಎದುರು ದಿಕ್ಕಿಗೂ ಬಿದ್ದಿರುವುದನ್ನು ಕಂಡು ಅದೇ ನಿರ್ಣಯಕ್ಕೆ ಬಂದು, 1831ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬಾರ್ಬಡೋಸ್ ದ್ವೀಪ ಬಿರುಗಾಳಿಗೆ ನೆಲಸಮವಾದಾಗ ಅಲ್ಲಿಗೆ ಕಳುಹಲ್ಪಟ್ಟ ಸೈನ್ಯದ ಎಂಜಿನಿಯರ್ ವಿಲಿಯಂ ರೀಡ್, ಈ ವಿಷಯವನ್ನು ಮತ್ತಷ್ಟು ಬೆಳೆಸಿ 1838ರಲ್ಲಿ ಬಿರುಗಾಳಿಗಳ ನಿಯಮವನ್ನು ಕುರಿತ ಗ್ರಂಥವನ್ನು ಹೊರತಂದರು. ಇದನ್ನು ಓದಿದ ಪಿಡಿಂಗ್ಟನ್ನರು ಆ ನಿಯಮ ಪೂರ್ವದ ಕಡಲುಗಳಿಗೂ ಹೊಂದುವುದೇ ಎಂಬುದನ್ನು ನೋಡಲು ಸಂಕಲ್ಪಿಸಿದರು.

ಉಪಗ್ರಹವಿಲ್ಲದ, ತಂತಿ ಸಂಪರ್ಕವೂ ಇನ್ನೂ ಹರಡದಿದ್ದ ಕಾಲವದು. ನಡುಗಡಲಿನ ಗಾಳಿಯನ್ನು ಕಲ್ಕತ್ತೆಯಲ್ಲಿ ಕುಳಿತು ಅರಿಯುವ ಬಗೆ ಯಾವುದು? ಪ್ರತಿಯೊಂದು ಹಡಗಿನಲ್ಲಿಯೂ ದಿನಚರಿ ಪುಸ್ತಕವಿರುತ್ತದೆ. ಗಾಳಿ ಯಾವ ದಿಕ್ಕಿನದು, ವಾಯುಭಾರಮಾಪಕದ ಪಾದರಸ ಎಷ್ಟಕ್ಕಿಳಿಯಿತು, ಹಡಗು ಎಲ್ಲಿತ್ತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಒಂದೇ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಹಡಗುಗಳ ದಿನಚರಿಗಳನ್ನು ಅವರು ಸಂಗ್ರಹಿಸಿದರು. ಒಂದೊಂದು ಹಡಗು ಕಂಡ ಗಾಳಿಯ ದಿಕ್ಕನ್ನು ಒಂದೇ ನಕಾಶೆಯಲ್ಲಿ ಬಾಣಗಳಾಗಿ ಗುರುತಿಸಿದರು. ಬಿಡಿಯಾಗಿ ಅರ್ಥವಾಗದ ಆ ಬಾಣಗಳು ಒಟ್ಟಾದಾಗ ಒಂದು ಕೇಂದ್ರವನ್ನು ಬಳಸಿ ನಿಂತವು. 1839ರ ಜೂನ್ ತಿಂಗಳಿನ ಬಂಗಾಳ ಕೊಲ್ಲಿಯ ಬಿರುಗಾಳಿಯಿಂದ ಮೊದಲಾದ ಈ ಪ್ರಬಂಧಗಳು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದರ ಹಿಂದೊಂದರಂತೆ ಸುಮಾರು ಹದಿನೈದು ವರ್ಷಗಳ ಕಾಲ ಪ್ರಕಟವಾದವು. ಅವುಗಳ ಸಂಖ್ಯೆ ಇಪ್ಪತ್ತನ್ನು ಮೀರಿತು.

ಈ ದಿನಚರಿಗಳಲ್ಲಿ ‘ಚಾರ್ಲ್ಸ್ ಹೆಡ್ಲ್’ ಎಂಬ ಹಡಗಿನದು ವಿಸ್ಮಯಕರವಾದುದು. 1845ರ ಫೆಬ್ರವರಿಯಲ್ಲಿ ಮಾರಿಷಸ್ಸಿನಿಂದ ಹೊರಟ ಈ ಹಡಗು ಬಿರುಗಾಳಿಗೆ ಸಿಕ್ಕಿತು. ಕಪ್ತಾನನು ಗಾಳಿಗೆ ಬೆನ್ನುಕೊಟ್ಟು ಹಡಗನ್ನು ಓಡಿಸಿದನು. ಸುಮಾರು ಐದು ದಿನ ಓಡಿ 1,300 ಮೈಲಿಗಳಿಗೂ ಮಿಕ್ಕ ದೂರವನ್ನು ಕ್ರಮಿಸಿದ ಮೇಲೆ ನೋಡಿದರೆ, ಹಡಗು ಮೊದಲಿದ್ದ ಸ್ಥಳದಿಂದ ಸುಮಾರು 350 ಮೈಲಿಗಳಷ್ಟೇ ಸರಿದಿತ್ತು! ಗಾಣದ ಎತ್ತಿನಂತೆ ಅದು ಬಿರುಗಾಳಿಯ ನಡುವನ್ನು ಐದು ಬಾರಿ ಸುತ್ತಿತ್ತು. ಗಾಣವೇ ನಿಧಾನವಾಗಿ ಮುಂದೆ ಸರಿಯುತ್ತಿದ್ದುದರಿಂದ ಎತ್ತೂ ಅಷ್ಟು ಸರಿದಿತ್ತು. ಬಿರುಗಾಳಿ ಸುತ್ತುತ್ತದೆ, ಸುತ್ತುತ್ತಲೇ ಚಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಾಗಿರಲಿಲ್ಲ.

ಪಂಡಿತರಿಗೆ ಪ್ರಬಂಧಗಳಾದುವು, ಹಾಯಿ ಹಿಡಿದು ನಿಂತ ನಾವಿಕನಿಗೇನು? ಅವನಿಗಾಗಿ ಪಿಡಿಂಗ್ಟನ್ನರು 1844ರಲ್ಲಿ ಸಣ್ಣದೊಂದು ಕೈಪಿಡಿಯನ್ನೂ, 1848ರಲ್ಲಿ ಅದನ್ನು ವಿಸ್ತರಿಸಿ ಮತ್ತೊಂದು ಗ್ರಂಥವನ್ನೂ ಬರೆದರು. ಇವುಗಳಿಗೆ ‘ಹಾರ್ನ್‌ಬುಕ್’ ಎಂದು ಹೆಸರಿಟ್ಟರು. ಹಿಂದೆ ಇಂಗ್ಲೆಂಡಿನಲ್ಲಿ ಅಕ್ಷರಾಭ್ಯಾಸ ಮಾಡುವ ಮಗುವಿನ ಕೈಗೆ, ಅಕ್ಷರಗಳ ಹಾಳೆಯನ್ನಂಟಿಸಿ ಮೇಲೆ ತೆಳುವಾದ ಕೊಂಬಿನ ಹಾಳೆ ಹೊದಿಸಿದ ಹಲಗೆಯನ್ನು ಕೊಡುತ್ತಿದ್ದರು, ಅದೇ ಹಾರ್ನ್‌ಬುಕ್. ನಮ್ಮ ಅಯ್ಯನವರ ಮಠಗಳಲ್ಲಿ ಮಕ್ಕಳು ಮರಳ ಮೇಲೆ ತಿದ್ದುತ್ತಿದ್ದ ಅಕ್ಷರಗಳಂತೆ, ಬಿರುಗಾಳಿಯ ವಿದ್ಯೆಯ ಮೊದಲ ಪಾಠ ಇದೆಂಬುದು ಲೇಖಕರ ಇಂಗಿತ. ಜೊತೆಗೆ, ಪಾರದರ್ಶಕವಾದ ಕೊಂಬಿನ ಹಾಳೆಗಳ ಮೇಲೆ ಗಾಳಿಯ ಸುತ್ತನ್ನು ಚಿತ್ರಿಸಿ ಪುಸ್ತಕದೊಡನೆ ಒದಗಿಸಿದರು. ನಾವಿಕನು ಅದನ್ನು ತನ್ನ ನಕಾಶೆಯ ಮೇಲಿಟ್ಟು ಬೀಸುತ್ತಿರುವ ಗಾಳಿಗೆ ಹೊಂದಿಸಿದರೆ ಕೇಂದ್ರ ಯಾವ ಕಡೆಗಿದೆಯೆಂಬುದು ಗೊತ್ತಾಗುತ್ತಿತ್ತು. ಭೂಮಧ್ಯರೇಖೆಯ ಉತ್ತರಕ್ಕೆ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ, ದಕ್ಷಿಣಕ್ಕೆ ಪ್ರದಕ್ಷಿಣವಾಗಿ. ಆದುದರಿಂದ ಬಂಗಾಳ ಕೊಲ್ಲಿಯಲ್ಲಿ ಗಾಳಿಗೆ ಮುಖವೊಡ್ಡಿ ನಿಂತವನ ಬಲಗಡೆಗೂ, ಮಾರಿಷಸ್ಸಿನ ಬಳಿ ನಿಂತವನ ಎಡಗಡೆಗೂ ಮೃತ್ಯುವಿನ ಕೇಂದ್ರವಿರುತ್ತದೆ.

1848ರ ಗ್ರಂಥದಲ್ಲಿಯೇ ‘ಸೈಕ್ಲೋನ್’ ಶಬ್ದ ಬಳಕೆಗೆ ಬಂದುದು. ಹಾವು ಸುತ್ತಿಕೊಂಡಾಗಿನ ಸುರುಳಿಯನ್ನೂ ಸೂಚಿಸುವ ಗ್ರೀಕ್ ಮೂಲದಿಂದ ಅವರು ಅದನ್ನು ಆರಿಸಿದರು. ಗಾಳಿಯ ಮಾರ್ಗ ನಿಷ್ಕೃಷ್ಟವಾದ ವೃತ್ತವೆಂದು ಸಾಧಿಸುವ ಹಟ ಅವರಿಗಿರಲಿಲ್ಲ. ಸುತ್ತುವ ಪ್ರವೃತ್ತಿಯನ್ನು ಹೇಳಿದರೆ ಸಾಕಾಗಿತ್ತು. ಆದರೂ ಅವರ ನಕಾಶೆ, ಕೊಂಬಿನ ಹಾಳೆಗಳಲ್ಲಿ ವೃತ್ತವೇ ಪ್ರಧಾನವಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ವಾಸ್ತವದಲ್ಲಿ ಗಾಳಿ ಸುತ್ತುತ್ತಾ ಒಳಕ್ಕೆ ಎಳೆಯಲ್ಪಡುತ್ತದೆ. ವೃತ್ತದ ಲೆಕ್ಕವನ್ನೇ ನಂಬಿದ ಹಡಗುಗಳು ಕೇಂದ್ರದತ್ತಲೇ ಸಾಗುವ ಅಪಾಯವಿದೆಯೆಂಬುದನ್ನು ಮಾರಿಷಸ್ಸಿನ ಚಾರ್ಲ್ಸ್ ಮೆಲ್‌ಡ್ರಮ್ ಮುಂದೆ ತೋರಿಸಿಕೊಟ್ಟರು.

ಗಾಳಿಗಿಂತ ಹೆಚ್ಚಾಗಿ ಪಿಡಿಂಗ್ಟನ್ನರನ್ನು ಕಾಡಿದ್ದು ಗಾಳಿಯೊಡನೆ ಬರುವ ನೀರು. ಗೋದಾವರಿಯ ಮುಖದಲ್ಲಿರುವ ಕೋರಂಗಿ ಬಂದರನ್ನು 1789ರ ಡಿಸೆಂಬರಿನಲ್ಲಿ ಮೂರು ಹೆದ್ದೆರೆಗಳು ಒಂದಾದ ಮೇಲೊಂದರಂತೆ ಬಂದು ಮುಳುಗಿಸಿದ ವೃತ್ತಾಂತವನ್ನು ಅವರು ದಾಖಲಿಸಿದರು. 1839ರ ನವೆಂಬರಿನಲ್ಲಿ ಅದೇ ಊರು ಮತ್ತೆ ಹಾಳಾಯಿತು. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲು ಏರುವುದು ಒಂದು ಸೆಂಟಿಮೀಟರ್ ಮಾತ್ರ. ಬಲವಾದ ಗಾಳಿ ನೀರನ್ನು ಆಳವಿಲ್ಲದ ಕರೆಯ ಕಡೆಗೆ ತಳ್ಳಿದಾಗ ಅದು ಅಡಿಗಟ್ಟಲೆ ಏರುತ್ತದೆ. ಆಲಿಕೆಯಂತೆ ಕಿರಿದಾಗುತ್ತಾ ಹೋಗುವ, ಆಳವೂ ಕಡಮೆಯಾಗುವ ಬಂಗಾಳ ಕೊಲ್ಲಿಯ ತಲೆಯಲ್ಲಿ ಇದು ಅತ್ಯಂತ ಘೋರ.

ಅದೇ ಸ್ಥಳದಲ್ಲಿ ಹೊಸ ಬಂದರನ್ನು ಕಟ್ಟುವ ಆಲೋಚನೆ ಆಗ ನಡೆದಿತ್ತು. ಹೂಗ್ಲಿ ನದಿ ಹೂಳಿನಿಂದ ತುಂಬಿ ಕಲ್ಕತ್ತೆಗೆ ಹಡಗುಗಳು ಬಾರದಂತಾದೀತೆಂಬ ಭಯದಿಂದ, ಸುಂದರಬನದ ಅಂಚಿನ ಮಾತ್ಲಾ ನದಿಯ ದಡವನ್ನು ಆರಿಸಲಾಗಿತ್ತು. 1853ರಲ್ಲಿ ಪಿಡಿಂಗ್ಟನ್ನರು ಗವರ್ನರ್ ಜನರಲ್ ಡಾಲ್‌ಹೌಸಿಯವರನ್ನುದ್ದೇಶಿಸಿ ಬಹಿರಂಗ ಪತ್ರವೊಂದನ್ನು ಬರೆದರು. ಬಿರುಗಾಳಿಯ ನಡುವೆ ಉಪ್ಪುನೀರಿನ ರಾಶಿ ಅತಿ ವೇಗದಿಂದ ಉರುಳಿಬಂದು ಆ ನೆಲೆಯನ್ನೆಲ್ಲ ಐದರಿಂದ ಹದಿನೈದು ಅಡಿಗಳವರೆಗೆ ಮುಳುಗಿಸುವ ದಿನ ಬಂದೇ ತೀರುವುದೆಂದು ಅದರಲ್ಲಿ ಎಚ್ಚರಿಸಿದರು. ಹಳೆಯ ದಿನಚರಿಗಳೇ ಅವರ ವಾದದ ಬೆನ್ನಿಗಿದ್ದ ಬಲ. ಬಂದರಿನ ಯೋಜನೆ ನಿಲ್ಲಲಿಲ್ಲ. 1858ರ ಏಪ್ರಿಲಿನಲ್ಲಿ ಪಿಡಿಂಗ್ಟನ್ನರು ಕಲ್ಕತ್ತೆಯಲ್ಲಿ ನಿಧನ ಹೊಂದಿದರು.

ಮುಂದಿನ ಗವರ್ನರ್ ಜನರಲ್ಲರ ಹೆಸರನ್ನು ಪಡೆದ ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು, ರೈಲುಮಾರ್ಗ ಬಂದಿತು, ಕಂಪೆನಿಯ ಷೇರುಗಳಿಗಾಗಿ ಮುಂಬಯಿಯ ಧನಿಕರು ಮುಗಿಬಿದ್ದರು. 1864ರ ಅಕ್ಟೋಬರ್ 5ರಂದು ಬಂದ ಚಂಡಮಾರುತದಲ್ಲಿ ಹೂಗ್ಲಿಯೊಳಗೆ ನುಗ್ಗಿದ ಕಡಲು ಸುಮಾರು 50,000 ಜನರನ್ನು ಆಹುತಿ ತೆಗೆದುಕೊಂಡಿತು; ಕಲ್ಕತ್ತೆಯ ಬಂದರಿನಲ್ಲಿದ್ದ ಇನ್ನೂರರಷ್ಟು ಹಡಗುಗಳಲ್ಲಿ ಬಹುಪಾಲು ಹಾನಿಗೊಂಡವು. ಮರುವರ್ಷವೇ ಕಲ್ಕತ್ತೆ ಬಂದರಿಗೆ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ಏರ್ಪಾಡಾಯಿತು. ಆದರೆ ಮಾತ್ಲಾ ದಡದ ಕಟ್ಟಡಗಳಿಗೆ ಮುನ್ನೆಚ್ಚರಿಕೆಯಿಂದ ಆಗುವ ಉಪಕಾರವೇನು? 1867ರ ನವೆಂಬರ್ 1ರಂದು ಚಂಡಮಾರುತ ಅಲ್ಲಿಗೂ ಬಂದಿತು. ಆರು ಅಡಿಗಳಷ್ಟು ನೀರು ಊರಿನ ಮೇಲೆ ಹರಿಯಿತು. ನಿಲ್ದಾಣ, ಸರಕಿನ ಮಳಿಗೆಗಳು ಜಖಂಗೊಂಡವು. ಕೆಲವೇ ವರ್ಷಗಳಲ್ಲಿ ಸರಕಾರ ಆ ಬಂದರನ್ನು ಕೈಬಿಟ್ಟಿತು.

1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಗಿ, 1864ರ ಚಂಡಮಾರುತದ ವರದಿಯನ್ನು ಸಿದ್ಧಪಡಿಸಿದವರಲ್ಲೊಬ್ಬರಾದ ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥರಾದರು. ಕ್ಯಾನಿಂಗಿಗೆ ಹಡಗುಗಳಿಗಾಗಿ ಹಾಸಿದ ರೈಲುಮಾರ್ಗ ಮಾತ್ರ ಉಳಿಯಿತು. ಸುಂದರಬನಕ್ಕೆ ಹೋಗುವವರು ಕಲ್ಕತ್ತೆಯಿಂದ ಆ ರೈಲಿನಲ್ಲಿಯೇ ಬಂದು ಮಾತ್ಲಾ ನದಿಯ ದಡದಲ್ಲಿಳಿಯುತ್ತಾರೆ.